ಹೋಗಾಕೆ ಎರಡು ದಿನ, ಬರಾಕೆ ಅರ್ಧ ದಿನ

"ಮಂಜಣ್ಣ, ನೀವು ಯಾವತ್ತಾದ್ರೂ ವಿಮಾನ ಹತ್ತಿದೀರಾ?"

ಜೀಪು ಶ್ರೀರಾಂಪುರ ದಾಟಿ ಗೊಲ್ಲರಹಟ್ಟಿಯ ಮಣ್ಣುದಾರಿಗೆ ಹೊರಳಿತ್ತು. ಸ್ಟೀರಿಂಗ್ ಹಿಡಿದಿದ್ದ ಹೆಡ್ ಕಾನ್‌ಸ್ಟೇಬಲ್ ಮಂಜಣ್ಣ ನಕ್ಕರು.

"ನಮಗ್ಯಾಕೆ ಮೇಡಂ ವಿಮಾನ? ನಮ್ದೇನಿದ್ರೂ ಹೊಸದುರ್ಗದ ಬಸ್ಸು."

"ನಾಗಕ್ಕನ ಮಗ ಯೋಗೇಶ ಹತ್ತಿದ್ನಲ್ಲ, ಅವ್ವನ ಮಣ್ಣಿಗೆ ಬರಾಕೆ. ಅವನ ಹೇಳಿಕೆ ಬರ್ಕಂಡೋರು ನೀವೇ. ಗುವಾಹಟಿಗೂ ಬೆಂಗಳೂರಿಗೂ ಎಷ್ಟು ದೂರ ಅಂತ ಕೇಳಿದ್ರಾ?"

"ವಿಮಾನದಾಗೆ ಬಂದೆ ಅಂದ. ವಿಮಾನ ಅಂದ್ಮೇಲೆ ದೂರ ಏನು, ಹತ್ರ ಏನು ಮೇಡಂ? ಹಿಂಗ್ ಹತ್ತಾದು, ಹಂಗ್ ಇಳಿಯಾದು."

ಸಬ್ ಇನ್‌ಸ್ಪೆಕ್ಟರ್ ಶೋಭಾರಾಣಿಗೆ ಮಂಜಣ್ಣನನ್ನು ಬೈಯುವ ಮುಖ ಇರಲಿಲ್ಲ. ಒಂದು ತಿಂಗಳಿಂದ ಇಡೀ ಹಟ್ಟಿ ಅದೇ ಮಾತನ್ನು ನಂಬಿತ್ತು, ಅವಳೂ ನಂಬಿದ್ದಳು.

ಹೋದ ತಿಂಗಳು ಒಂದು ನಸುಕಿನಲ್ಲಿ ಗೊಲ್ಲಪ್ಪನ ಹೆಂಡತಿ ನಾಗಕ್ಕ ಕುರಿ ರೊಪ್ಪದ ಬಾಗಿಲಲ್ಲಿ ಬಿದ್ದು ಸತ್ತಿದ್ದಳು. ಅದೇ ದಿನ ಸಂಜೆ ಮಣ್ಣಾಗಿತ್ತು. ಬಾಯಲ್ಲಿ ನೊರೆ ಕಂಡಿದ್ದೆ ಎಂದು ಅವಳ ತಮ್ಮ ದೂರು ಕೊಟ್ಟಿದ್ದರಿಂದ ಹೆಣ ಹೊರತೆಗೆದಿದ್ದರು. ನಿನ್ನೆ ವರದಿ ಬಂದಿತ್ತು. ಹೊಟ್ಟೆಯಲ್ಲಿ ಇದ್ದದ್ದು ಕುರಿಗಳ ಮೈಯ ಉಣ್ಣೆಹುಳಕ್ಕೆ ಹಾಕುವ ಔಷಧ.

ಆ ಔಷಧ ಯಾವ ಹಟ್ಟಿಯ ಯಾವ ಮನೆಯಲ್ಲಿ ಇರುವುದಿಲ್ಲ? ಆದರೆ ನಾಗಕ್ಕನಿಗೆ ಕೊನೆಯ ರಾತ್ರಿ ಗಂಜಿ ಬಡಿಸಿದವಳು ಸೊಸೆ ಯಶೋದಾ. ಹಿರಿಯೂರಿನಲ್ಲಿ ಕೂತ ಡಿವೈಎಸ್ಪಿ ಸಾಹೇಬರಿಗೆ ಅಷ್ಟು ಸಾಕಾಗಿತ್ತು. "ಅತ್ತೆ, ಸೊಸೆ, ಗಂಜಿ. ಇನ್ನೇನ್ ಬೇಕಮ್ಮ ನಿನಗೆ? ಸಂಜೆಯೊಳಗೆ ಆ ಹೆಣ್ಣುಮಗಳು ಸ್ಟೇಷನ್ನಲ್ಲಿ ಇರಬೇಕು" ಎಂದಿದ್ದರು.

ಯಶೋದಾಳ ಕಂಕುಳಲ್ಲಿ ಇನ್ನೂ ಮೊಲೆ ಬಿಡದ ಕೂಸಿತ್ತು. ಶೋಭಾರಾಣಿಗೆ ಆ ಕೂಸಿನದೇ ಚಿಂತೆ. ತಾಯಿಯ ಜೊತೆ ಜೈಲಿಗೆ ಕಳಿಸಬೇಕೋ, ಮುದುಕನ ಕೈಗೆ ಕೊಡಬೇಕೋ? ಇಂಥ ಪ್ರಶ್ನೆಗೆ ಯಾವ ಸಾಹೇಬರೂ ಉತ್ತರ ಕೊಡುವುದಿಲ್ಲ.

"ನಿನ್ನೆ ಯೋಗೇಶ ಸ್ಟೇಷನ್ನಿಗೆ ಬಂದಿದ್ದ" ಎಂದಳು ಶೋಭಾರಾಣಿ. "ಡ್ಯೂಟಿಗೆ ಸೇರ್ಬೇಕು, ಹೋಗಾಕೇ ಎರಡು ದಿನ ಬೇಕು, ಪರ್ಮಿಷನ್ ಕೊಡ್ರಿ ಅಂದ. ಕಟ್ಟಿಕೊಂಡೋಳು ಜೈಲಿಗೆ ಹೋಗೋ ಹೊತ್ತಲ್ಲಿ ಇವನಿಗೆ ಡ್ಯೂಟಿ ಚಿಂತೆ ಅಂತ ನಂಗೆ ಮೈಯೆಲ್ಲ ಉರೀತು. ಬೆಳಗ್ಗೆ ಹಲ್ಲುಜ್ಜೋವಾಗ ಆ ಮಾತು ಮತ್ತೆ ಕಿವೀಲಿ ಬಂದು ಕೂತ್ಕೊಂತು. ಹೋಗಾಕೆ ಎರಡು ದಿನ. ಹಂಗಾದ್ರೆ ಬರಾಕೆ ಅರ್ಧ ದಿನ ಹೆಂಗಾಯ್ತು ಮಂಜಣ್ಣ?"

ಮಂಜಣ್ಣ ಬ್ರೇಕಿನ ಮೇಲೆ ಕಾಲಿಟ್ಟರು. ಜೀಪು ಜಾಲಿಯ ಗಿಡದ ಪಕ್ಕ ನಿಂತಿತು.

ಶೋಭಾರಾಣಿ ಬೆಳಗ್ಗೆಯೇ ಮೊಬೈಲಿನಲ್ಲಿ ನೋಡಿದ್ದಳು. ಗುವಾಹಟಿಯಿಂದ ಬೆಂಗಳೂರಿಗೆ ಆಕಾಶದಲ್ಲಿ ಎರಡು ಸಾವಿರ ಕಿಲೋಮೀಟರಿಗೂ ಮೇಲೆ. ವಿಮಾನಕ್ಕೆ ಮೂರು ಗಂಟೆ ಚಿಲ್ಲರೆ. ಅಲ್ಲಿಯವರೆಗೆ ಮಂಜಣ್ಣನ ಲೆಕ್ಕ ಸರಿಯೇ.

ಆದರೆ ಯೋಗೇಶ ದುಡಿಯುತ್ತಿದ್ದದ್ದು ಗುವಾಹಟಿಯಲ್ಲಲ್ಲ. ಹೊಸದುರ್ಗದ ಕಡೆಯ ಗಣಿಗಳಲ್ಲಿ ಡ್ರಿಲ್ಲಿಂಗ್ ಕಲಿತವನು ಅರುಣಾಚಲದ ಬೆಟ್ಟದಲ್ಲಿ ಸುರಂಗ ಕೊರೆಯುವ ಕೆಲಸಕ್ಕೆ ಸೇರಿದ್ದ. ಅಲ್ಲಿಂದ ಗುವಾಹಟಿಗೆ ಇಳಿಯಲು ಒಂದು ರಾತ್ರಿಯ ಜೀಪು ಪ್ರಯಾಣ. ಬೆಂಗಳೂರಿನಲ್ಲಿ ಇಳಿದ ಮೇಲೆ ತುಮಕೂರು, ಶಿರಾ, ಹಿರಿಯೂರು, ಹೊಸದುರ್ಗ. ಗೆಳೆಯ ಕನಕರಾಜ್ ಏರ್‌ಪೋರ್ಟಿಗೆ ಕಾರು ತಂದಿದ್ದ, ಎಲ್ಲೂ ನಿಲ್ಲಿಸದೆ ಓಡಿಸಿದ್ದ. ಓಡಿಸಿದರೂ ಮಧ್ಯಾಹ್ನ ಪೂರ್ತಿ ಬೇಕು.

ವಿಮಾನ ಎಷ್ಟೇ ಜೋರಾಗಿ ಹಾರಲಿ, ಅದರ ಹಿಂದೂ ಮುಂದೂ ನೆಲ ಇದ್ದೇ ಇರುತ್ತದೆ. ಹಟ್ಟಿಯವರು ಆ ನೆಲವನ್ನೇ ಮರೆತಿದ್ದರು. "ನಸುಕಿಗೆ ಫೋನ್ ಹೋತು, ಮಣ್ಣಿಗೆ ಮಗ ಬಂದ. ಮಗ ಅಂದ್ರೆ ಯೋಗೇಶ!" ಎಂದು ಎದೆ ತುಂಬಿ ಹೊಗಳಿದ್ದರು.

"ನಸುಕಿಗೆ ಫೋನ್ ಹೋಗಿದ್ರೆ ಅವನು ಗುವಾಹಟಿಗೆ ಇಳಿಯೋ ಹೊತ್ತಿಗೇ ಕತ್ತಲಾಗಿರೋದು" ಎಂದಳು ಶೋಭಾರಾಣಿ. "ಇಲ್ಲಿ ಹೊತ್ತು ಮುಳುಗೋ ಮುಂಚೆ ಮಣ್ಣು ಹಾಕಿದಾನೆ ಅಂದ್ರೆ ಹಿಂದಿನ ದಿನ ಸಂಜೆನೇ ಹೊರಟಿದಾನೆ. ನಾಗಕ್ಕ ಆವಾಗ ಏನ್ ಮಾಡ್ತಿದ್ಲು?"

ಮಂಜಣ್ಣನ ಬಾಯಿಂದ ಮಾತು ನಿಧಾನವಾಗಿ ಬಂತು. "ಕುರಿ ಹೊಡ್ಕಂಡು ಬಂದು, ಮರಿಗಳಿಗೆ ಹಾಲು ಕುಡಿಸ್ತಿದ್ಲಂತೆ ಮೇಡಂ. ಗಟ್ಟಿಮುಟ್ಟಾಗಿದ್ಲಂತೆ."

"ಹೂಂ. ಅವಳು ಸಾಯೋದು ಅವಳಿಗಿಂತ ಮುಂಚೆ ಮಗನಿಗೆ ಗೊತ್ತಿತ್ತು. ನಡೀರಿ."

* * *

ಹಟ್ಟಿಯ ಹಿಂದಿನ ಗುಡ್ಡದ ಮೇಲೆ ಗಾಳಿ ಫ್ಯಾನುಗಳು ಮೈಗಳ್ಳರ ಹಾಗೆ ತಿರುಗುತ್ತಿದ್ದವು. ಕುರಿಗಳು ಮೇಯಲು ಹೋಗಿದ್ದವು. ಯೋಗೇಶ ರೊಪ್ಪದಲ್ಲಿ ಒಬ್ಬನೇ ಹಿಕ್ಕೆ ಗುಡಿಸುತ್ತಿದ್ದ. ತಾಯಿ ಸತ್ತದ್ದಕ್ಕೆ ಬೋಳಿಸಿದ್ದ ತಲೆಯಲ್ಲಿ ಕೂದಲು ಈಗಷ್ಟೇ ಚಿಗುರಿತ್ತು.

"ಬರ್ರಿ ಮೇಡಂ. ಯಶೋದಾ ಒಳಗವ್ಳೆ. ಕರಿತೀನಿ."

"ಅವಳು ಬೇಡ. ನಿನ್ನ ಹತ್ರಾನೇ ಕೆಲಸ. ಪೊರಕೆ ಕೆಳಗಿಡಪ್ಪ."

ಅವನು ಇಡಲಿಲ್ಲ. ಬಿದ್ದುಹೋಗುತ್ತೇನೆ ಎನ್ನುವಂತೆ ಅದರ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡ.

"ವಿಮಾನದಾಗೆ ಕಿಟಕಿ ಸೀಟು ಸಿಕ್ಕಿತ್ತಾ ಯೋಗೇಶ?"

"ಏನು ಮೇಡಂ?"

"ಅವತ್ತು, ನಿಮ್ಮವ್ವನ ಮಣ್ಣಿಗೆ ಬಂದಾಗ. ನಾನೂ ಒಂದ್ಸಲ ಹತ್ತಿದೀನಿ, ಟ್ರೈನಿಂಗಿಗೆ ಅಂತ ದಿಲ್ಲಿಗೆ ಕಳಿಸಿದ್ರು. ಹಾರಿದ್ದಕ್ಕಿಂತ ಕಾದಿದ್ದೇ ಜಾಸ್ತಿ. ನೀನು ಅದೃಷ್ಟವಂತ. ನಿಂಗೆ ಕಾಯೋ ಕೆಲಸಾನೇ ಬೀಳ್ಲಿಲ್ಲ. ನಸುಕಿಗೆ ಅರುಣಾಚಲ, ಸಂಜೆಗೆ ಶ್ರೀರಾಂಪುರ! ನಿನ್ನೆ ನೋಡಿದ್ರೆ ಹೋಗಾಕೆ ಎರಡು ದಿನ ಬೇಕು ಅಂತೀಯ. ಬರೋವಾಗ ಹಿಂದಿನಿಂದ ಯಾರಾದ್ರೂ ತಳ್ಳಿದ್ರಾ?"

ಮಂಜಣ್ಣ ರೊಪ್ಪದ ಬಾಗಿಲಿಗೆ ಬಂದು ಅಡ್ಡ ನಿಂತರು.

"ಫೋನಿನ ರೆಕಾರ್ಡು ತರಿಸ್ತೀನಿ. ಅದು ಬರೋ ಹೊತ್ತಿಗೆ ನಿನ್ನ ಹೆಂಡ್ತಿ ಜೈಲಲ್ಲಿರ್ತಾಳೆ. ನೀನೇ ಹೇಳು. ನಿಮ್ಮವ್ವ ಪ್ರಾಣ ಬಿಟ್ಟಾಗ ನೀನೆಲ್ಲಿದ್ದೆ?"

"ಗುವಾಹಟಿ ಏರ್‌ಪೋರ್ಟಾಗೆ ಕುಂತಿದ್ದೆ ಮೇಡಂ."

ಇಷ್ಟು ಬೇಗ ಬಾಯಿ ಬಿಡುತ್ತಾನೆಂದು ಶೋಭಾರಾಣಿಯೂ ಎಣಿಸಿರಲಿಲ್ಲ. ತಿಂಗಳಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ತುತ್ತು ಅದು, ನುಂಗಲೂ ಆಗದೆ ಉಗುಳಲೂ ಆಗದೆ ಒದ್ದಾಡಿದ್ದ.

"ಹಿಂದಿನ ದಿನ ಮಧ್ಯಾಹ್ನನೇ ಫೋನ್ ಬಂತು. ಅವ್ವನ ನಂಬರಿಂದ. 'ನಿಮ್ಮವ್ವಂಗೆ ಸೀರಿಯಸ್ ಐತೆ, ಹೊರಟು ಬಾ' ಅಂದ್ರು."

"ಸೀರಿಯಸ್ ಅಂದ್ರು. ಸತ್ಲು ಅನ್ನಲಿಲ್ಲ."

ಯೋಗೇಶ ಮೊದಲ ಸಲ ಅವಳ ಮುಖ ನೋಡಿದ. "ನೀವೂ ಈ ಕಡೆಯೋರೇ ಅಲ್ವಾ ಮೇಡಂ? ದೂರ ಇದ್ದೋರಿಗೆ ಸತ್ರು ಅಂತ ಯಾರಾದ್ರೂ ಹೇಳ್ತಾರಾ?"

ಶೋಭಾರಾಣಿಯ ಅಪ್ಪ ತೀರಿಕೊಂಡಾಗಲೂ ಹೀಗೇ ಆಗಿತ್ತು. ಬೆಳಗಾವಿಯಲ್ಲಿದ್ದ ಅಣ್ಣನಿಗೆ, ಅಪ್ಪನಿಗೆ ಸ್ವಲ್ಪ ಹುಷಾರಿಲ್ಲ ಎಂದು ಫೋನ್ ಮಾಡಿದವಳು ಇವಳೇ. ಒಬ್ಬನೇ ಬರುವವನು ದಾರಿಯಲ್ಲಿ ಎದೆ ಒಡೆದುಕೊಂಡಾನು ಎಂದು ಈ ಸೀಮೆಯಲ್ಲಿ ಸಾವನ್ನು ಕಾಯಿಲೆ ಮಾಡಿ ಹೇಳುತ್ತಾರೆ. ಕೇಳಿದವನಿಗೂ ಅದು ಗೊತ್ತಿರುತ್ತದೆ. ಗೊತ್ತಿಲ್ಲದವನ ಹಾಗೆ ಬಸ್ಸು ಹತ್ತುತ್ತಾನೆ.

"ಅವ್ವ ಹೋದ್ಲು ಅಂತ ತಿಳ್ಕಂಡೆ. ಯಾವಾಗ ಹೋತು ಜೀವ ಅಂತಾನೂ ಕೇಳ್ಲಿಲ್ಲ. ಕೇಳಿದ್ರೆ ಅವರೂ ಅಳ್ತಾರೆ, ನಾನೂ ಅಳ್ತೀನಿ. ಸಂಜೆಗೆ ಜೀಪ್ ಹತ್ತಿದೆ. ಹಾದಿ ತುಂಬಾ ಅತ್ತೆ ಮೇಡಂ. ಪಕ್ಕದಾಗಿದ್ದೋನು ಬಿಹಾರದೋನು. ನನ್ ಮಾತು ಅವನಿಗೆ ಬರಲ್ಲ. ತನ್ನ ಟವೆಲ್ಲು ಕೊಟ್ಟ."

"ಆಮೇಲೆ?"

ಪೊರಕೆ ಕೈಯಿಂದ ಜಾರಿ ಬಿತ್ತು. ರೊಪ್ಪದ ಮೂಲೆಯಲ್ಲಿ ಬೆದರಿದ ಎರಡು ಎಳೆ ಮರಿಗಳು ಒಂದಕ್ಕೊಂದು ಅಂಟಿಕೊಂಡವು.

"ಆಮೇಲೇನಾಯ್ತು ಯೋಗೇಶ?"

"ಊಟದ ಹೊತ್ತಿಗೆ ಫೋನ್ ಬಂತು. 'ಅವ್ವ' ಅಂತಾನೇ ಬಂತು ಸ್ಕ್ರೀನ್ ಮ್ಯಾಗೆ. ಅವಳ ಫೋನಿಂದಾನೇ ಅಲ್ವಾ ಮಧ್ಯಾಹ್ನ ಹೇಳಿದ್ದು? ಎಲ್ಲಿದೀಯ, ಎಲ್ಲಿಗೆ ಬಂದೆ ಅಂತ ಕೇಳಾಕೆ ಮಾಡವ್ರೆ ಅಂದ್ಕಂಡೆ. ಮಾತಾಡಾಕೆ ಗಂಟಲೇ ಇರ್ಲಿಲ್ಲ. ಕಟ್ ಮಾಡ್ದೆ. ಇನ್ನೊಂದ್ಸಲ ಬಂತು. ಅದನ್ನೂ ಕಟ್ ಮಾಡ್ದೆ."

ಶೋಭಾರಾಣಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದ ಮೇಲೆ ಈ ಪ್ರಶ್ನೆ ಕೇಳಬಾರದಿತ್ತು ಎನಿಸಿತು.

"ಮಣ್ಣಾದ ಮ್ಯಾಲೆ ಹೆಂಗಸರು ಮಾತಾಡ್ತಿದ್ರು. ನಿನ್ನೆ ರಾತ್ರಿ ಕೂಡ ಕೂಸಿಗೆ ಲಾಲಿ ಹಾಡ್ತಿದ್ಲು ನಾಗಕ್ಕ, ಬೆಳಗಾಗಾದ್ರೊಳಗೆ ಹಿಂಗಾತಲ್ಲ ಅಂತ. ನಾನು ಅಲ್ಲೇ ಕುಂತಿದ್ದೆ ಮೇಡಂ. ನಾನು ಅತ್ಕಂಡು ಬೆಟ್ಟ ಇಳಿಯೋವಾಗ ಅವ್ವ ಬದುಕಿದ್ಲು. ಆ ಫೋನು ಅವ್ವನೇ ಮಾಡಿದ್ಲು. ನಾನು ಕಟ್ ಮಾಡ್ದೆ."

ಅವನು ಹಿಕ್ಕೆಯ ಮೇಲೆಯೇ ಕುಸಿದು ಕುಳಿತ. ಗಂಡಸು ಬಾಯಿ ಮುಚ್ಚಿಕೊಂಡು ಅಳುವುದನ್ನು ನೋಡುವುದು ಕಷ್ಟ. ಮಂಜಣ್ಣ ಗುಡ್ಡದ ಕಡೆಗೆ ಮುಖ ತಿರುಗಿಸಿದರು. ಹೆತ್ತವಳ ಕೊನೆಯ ಮಾತು ಬಾಗಿಲವರೆಗೆ ಬಂದು ಹಿಂದಕ್ಕೆ ಹೋಯಿತು ಎನ್ನುವ ಸಂಕಟಕ್ಕೆ ಯಾರು ಏನೆಂದು ಸಮಾಧಾನ ಹೇಳಲಾದೀತು?

ಶೋಭಾರಾಣಿಯ ಕಣ್ಣೂ ಒದ್ದೆಯಾಗಿತ್ತು. ಆದರೂ ಅವಳ ಮುಂದೆ ಸಂಜೆ ಇತ್ತು, ಕೂಸಿತ್ತು.

"ಮಧ್ಯಾಹ್ನ ಫೋನ್ ಮಾಡಿದ್ದು ಯಾರು?"

ಅವನು ತಲೆ ಅಲ್ಲಾಡಿಸಿದ.

"ಗಟ್ಟಿಯಾಗಿದ್ದ ಹೆಂಗಸನ್ನ ಹಿಂದಿನ ದಿನಾನೇ ಸೀರಿಯಸ್ ಅಂದವ್ರು ಯಾರಪ್ಪ? ಯಾಕಂದ್ರು? ನೀನು ಬರೋದು ತಡ ಆದ್ರೆ ಹೆಣ ಇಟ್ಕೋಬೇಕು. ಇಟ್ಕೊಂಡ್ರೆ ನಾಕು ಜನ ನೋಡ್ತಾರೆ, ಡಾಕ್ಟ್ರು ಬರ್ತಾರೆ, ನಾವು ಬರ್ತೀವಿ. ಮೊದಲೇ ಕರೆಸಿಬಿಟ್ರೆ ಅವತ್ತೇ ಮಣ್ಣು. ಹಂಗೆ ಲೆಕ್ಕ ಹಾಕಿದೋರ ಹೆಸರು ನಿನ್ನ ಬಾಯಲ್ಲಿ ಐತೆ. ಅದನ್ನ ಇಟ್ಕೊಂಡೇ ನಿನ್ನೆ ಓಡಿಹೋಗಾಕೆ ನೋಡಿದೆ. ನಿನ್ನ ಹೆಂಡ್ತಿನಾ?"

"ಅಲ್ಲ! ಅವಳಲ್ಲ."

"ಮತ್ಯಾರು? ಅವಳು ಏನೂ ಮಾಡಿಲ್ಲ ಅಂತ ಗೊತ್ತಿದ್ದೂ ಬಾಯಿ ಮುಚ್ಕೊಂಡು ಕೂತಿದೀಯಲ್ಲೋ. ಆ ಕೂಸು ದೊಡ್ಡದಾಗಿ ಕೇಳಿದ್ರೆ ಏನ್ ಹೇಳ್ತೀಯ?"

ಹುಟ್ಟುವ ಮುಂಚೆಯೇ ಅವನು ಬಿಟ್ಟುಹೋಗಿದ್ದ ಕೂಸು ಅದು. ಅದರ ಮುಖವನ್ನು ಮೊದಲ ಸಲ ನೋಡಿದ್ದು ತಾಯಿಯ ಹೆಣದ ಪಕ್ಕದಲ್ಲಿ. ಯೋಗೇಶ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ.

"ಅಪ್ಪ" ಎಂದ.

ಮಂಜಣ್ಣ ಗಕ್ಕನೆ ತಿರುಗಿದರು.

"ಅಪ್ಪನೇ ಫೋನ್ ಮಾಡಿದ್ದು. ಅವನದೇ ದನಿ. ಮಣ್ಣು ಹಾಕಿ ಬಂದ ಮ್ಯಾಲೆ ನನ್ ಕೈ ಹಿಡ್ಕಂಡು 'ನಂದೇ ತಪ್ಪು ಮಗಾ, ನಾನೇ ಕೊಂದೆ' ಅಂದ. ಅವತ್ತಿಂದ ಸರಿಯಾಗಿ ಉಂಡಿಲ್ಲ. ಅವ್ವ ಹೋದ್ಲು. ಅಪ್ಪನ್ನ ನಾನೇ ನಿಮ್ ಕೈಗೆ ಕೊಡ್ಲಾ? ಕೊಡ್ಲಿಲ್ಲ ಅಂದ್ರೆ ಯಶೋದಾನ್ನ ಒಯ್ತೀರಾ. ಅದಕ್ಕೇ ಓಡಿಹೋಗಾಣ ಅಂದ್ಕಂಡೆ ಮೇಡಂ. ಆ ಸುರಂಗದಾಗೆ ಹೊಕ್ಕಂಡ್ರೆ ಯಾರ ಮುಖಾನೂ ನೋಡಾದು ಬ್ಯಾಡ."

ಶೋಭಾರಾಣಿ ಮಂಜಣ್ಣನಿಗೆ ಕಣ್ಸನ್ನೆ ಮಾಡಿದಳು. ಗೊಲ್ಲಪ್ಪ ಕುರಿ ಹೊಡೆದುಕೊಂಡು ಗುಡ್ಡದ ಬುಡಕ್ಕೆ ಹೋಗಿರುತ್ತಾನೆ. ಜೀಪು ಧೂಳೆಬ್ಬಿಸಿಕೊಂಡು ಹೊರಟಿತು.

* * *

"ಮಾವನ್ನ ಯಾಕೆ ಕರಿಯಾಕೆ ಕಳಿಸಿದ್ರಿ?"

ರೊಪ್ಪದ ಬೇಲಿಯಾಚೆ ಯಶೋದಾ ನಿಂತಿದ್ದಳು. ಕಂಕುಳಲ್ಲಿ ಕೂಸು ನಿದ್ದೆ ಹೋಗಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಮುಖ ನೋಡಿದರೆ ಪೂರ್ತಿ ಕೇಳಿಸಿಕೊಂಡಂತೆ ಇತ್ತು.

"ನನ್ನ ಕರ್ಕಂಡು ಹೋಗ್ರಿ ಅಕ್ಕಾ. ಈಗ್ಲೇ ಬರ್ತೀನಿ. ಮಾವನ್ನ ಬಿಟ್ಬಿಡ್ರಿ."

"ನಿಂಗೇನ್ ತಲೆ ಕೆಟ್ಟೈತಾ?" ಎಂದು ರೇಗಿದಳು ಶೋಭಾರಾಣಿ. ಈ ಮನೆಯವರು ಒಬ್ಬರಿಗಿಂತ ಒಬ್ಬರು ಮುಂದೆ ಬಿದ್ದು ಜೈಲಿಗೆ ಹೊರಡುವುದನ್ನು ಕಂಡು ಅವಳ ತಾಳ್ಮೆ ಮುಗಿದಿತ್ತು. "ಫೋನ್ ಮಾಡಿದ್ದು ನಿಮ್ಮ ಮಾವ. ಅದು ನಿಂಗೂ ಗೊತ್ತಾ?"

"ಮಾವಂಗೆ ಫೋನ್ ಒತ್ತಾಕೆ ಎಲ್ಲಿ ಬರ್ತದೆ? ಒತ್ತಿಕೊಟ್ಟೋಳು ನಾನೇ."

ಯೋಗೇಶ ತಲೆ ಎತ್ತಿದ.

ಯಶೋದಾ ಗಂಡನ ಕಡೆ ನೋಡಲಿಲ್ಲ. ಕೂಸಿನ ಬೆನ್ನು ತಟ್ಟುತ್ತ ಶೋಭಾರಾಣಿಯ ಜೊತೆಗೇ ಮಾತಾಡಿದಳು. "ಅತ್ತೆನೇ ಹೇಳಿದ್ದು. ಕೂಸು ಎದ್ದು ನಿಂತ್ಕಣಾಕೆ ಸುರು ಮಾಡೈತೆ, ಅಪ್ಪನ ಮುಖ ಕಂಡಿಲ್ಲ. ಕರೆದಾಗಲೆಲ್ಲ ರಜಾ ಇಲ್ಲ ಅಂತಾನೆ. ಅವ್ವಂಗೆ ಸೀರಿಯಸ್ ಅಂದ್ರೆ ಯಾವ ಸಾಹೇಬ ರಜಾ ಕೊಡಲ್ಲ ನೋಡಾಣ ಅಂದ್ಲು. ಮಾವ ಬ್ಯಾಡ ಅಂದ. ಬದುಕಿದ್ದೋರನ್ನ ಹಂಗನ್ನಬಾರ್ದು ಕಣೇ, ಅಸ್ತು ದೇವತೆ ಓಡಾಡ್ತಿರ್ತದೆ ಅಂದ. ಅತ್ತೆ ಕೇಳ್ಲಿಲ್ಲ. ಮಾವ ಮಾತಾಡೋವಾಗ ಪಕ್ಕದಾಗೇ ಕುಂತು ಸೆರಗು ಬಾಯಿಗಿಟ್ಕಂಡು ನಗ್ತಿದ್ಲು."



ಗೊಲ್ಲಪ್ಪ ತಾನೇ ಕೊಂದೆ ಎಂದದ್ದು ಯಾಕೆ ಎಂದು ಶೋಭಾರಾಣಿಗೆ ಈಗ ತಿಳಿಯಿತು. ಮುದುಕ ಬೇಡ ಬೇಡ ಎಂದು ಆಡಿದ ಒಂದು ಸುಳ್ಳು ಮಾರನೇ ದಿನ ನಿಜವಾಗಿತ್ತು. ಆ ಮಾತೇ ಹೆಂಡತಿಯನ್ನು ತಿಂದಿತು ಎಂದು ಅವನು ನಂಬಿದ್ದ.

"ರಾತ್ರಿ ಅತ್ತೆಗೆ ತಡಿಯಾಕಾಗ್ಲಿಲ್ಲ" ಎಂದಳು ಯಶೋದಾ. ಅವಳ ದನಿ ಸಣ್ಣದಾಯಿತು. "ಮಗನ್ನ ಅಳಿಸಿಬಿಟ್ನಲ್ಲೇ, ಒಬ್ಬನೇ ಬರ್ತಿದಾನೆ, ನಿಜ ಹೇಳ್ಬಿಡ್ತೀನಿ ಅಂತ ಫೋನ್ ಮಾಡ್ಸಿದ್ಲು. ಎರಡು ಸಲ ಮಾಡ್ಕೊಟ್ಟೆ. ತೆಗೀಲಿಲ್ಲ. 'ಕೋಪ ಬಂದಿರ್ಬೇಕು, ಬಂದ್ಮೇಲೆ ಬೈಸ್ಕಂತೀನಿ ಬಿಡು' ಅಂದು ಮಲಿಕ್ಕಂಡ್ಲು."

ಯೋಗೇಶನ ಗಂಟಲಿಂದ ಬಂದ ಸದ್ದಿಗೆ ಕೂಸು ಎಚ್ಚೆತ್ತು ಅಳತೊಡಗಿತು.

"ಇದನ್ನ ತಿಂಗಳಿಂದ ಯಾಕೆ ಹೇಳ್ಲಿಲ್ಲ ಯಶೋದಾ?"

"ಹೆಂಗೆ ಹೇಳ್ಲಿ ಅಕ್ಕಾ? ಅವ್ವ ಬದುಕಿದ್ದು ಫೋನ್ ಮಾಡಿದ್ಲು, ನೀನು ಕಟ್ ಮಾಡ್ದೆ ಅಂತ ಈಯಪ್ಪಂಗೆ ಗೊತ್ತಾದ್ರೆ ಉಳಿತಾನಾ? ಮಾವಂಗೂ ಆಣೆ ಹಾಕಿಸ್ಕಂಡಿದ್ದೆ. ಈಯಪ್ಪಂಗೆ ಆಗ್ಲೇ ಗೊತ್ತೈತೆ ಅಂತ ನಂಗೇನು ಗೊತ್ತು?"

ಒಂದೇ ಸೂರಿನ ಕೆಳಗೆ ಮೂವರು ಒಂದೇ ಮುಳ್ಳನ್ನು ಮೂರು ಕಡೆ ಚುಚ್ಚಿಕೊಂಡು, ಒಬ್ಬರಿಗೊಬ್ಬರು ಕಾಣದ ಹಾಗೆ ಮುಚ್ಚಿಟ್ಟುಕೊಂಡಿದ್ದರು. ಪ್ರೀತಿಯೂ ಒಮ್ಮೊಮ್ಮೆ ಇಂಥ ದಡ್ಡತನ ಮಾಡುತ್ತದೆ. ಶೋಭಾರಾಣಿಗೆ ಇಬ್ಬರನ್ನೂ ಬೈಯಬೇಕೆನಿಸಿತು, ತಬ್ಬಿಕೊಳ್ಳಬೇಕು ಅಂತಲೂ ಅನಿಸಿತು. ಅವಳು ಎರಡನ್ನೂ ಮಾಡಲಿಲ್ಲ.

ಮಗ ಬರುತ್ತಾನೆ ಎಂದು ನಗುತ್ತ ಮಲಗಿದ ಹೆಂಗಸು ತಾನಾಗಿ ವಿಷ ಕುಡಿಯುವುದಿಲ್ಲ. ಹಾಗಾದರೆ?

"ಬೆಳಗ್ಗೆ ಎದ್ದು ಏನು ತಿಂದ್ಲು ನಿಮ್ಮತ್ತೆ? ಸರಿಯಾಗಿ ನೆನಪು ಮಾಡ್ಕೋ. ಗಂಜಿ ಅಲ್ಲ. ಗಂಜಿ ಆಗಿದ್ರೆ ರಾತ್ರೀನೇ ಸಾಯ್ತಿದ್ಲು."

ಯಶೋದಾ ಕೂಸನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡಳು.

"ಗಿಣ್ಣು."

"ಯಾವ ಗಿಣ್ಣು? ನಿಮ್ಮ ಮನೇಲಿ ಹಸು ಎಮ್ಮೆ ಇಲ್ವಲ್ಲ."

"ಯಾರೋ ತಂದ್ಕೊಟ್ಟಿದ್ರು ಅಕ್ಕಾ, ರಾತ್ರಿ ಊಟ ಆದ್ಮೇಲೆ. ನಾನು ಒಳಗೆ ಕೂಸಿಗೆ ಹಾಲು ಕುಡಿಸ್ತಿದ್ದೆ. ಅತ್ತೆ ಡಬ್ಬಿ ಹಿಡ್ಕಂಡು ಬಂದ್ಲು. ನಿನ್ ಗಂಡಂಗೆ ಅಂತ ಕೊಟ್ಟವ್ರೆ, ನಾಳೆ ಬರ್ತಾನಲ್ಲ ಅಂದು ನೆಲುವಿನ ಮ್ಯಾಲೆ ಇಟ್ಲು. ನಸುಕಿನಾಗೆ ಎದ್ದು, ಹುಳಿ ಬಂದೈತೇನೋ, ಮಗ ತಿನ್ನೋ ಮುಂಚೆ ನೋಡ್ತೀನಿ ಅಂತ ಒಂದು ತುಂಡು ಬಾಯಿಗೆ ಹಾಕ್ಕಂಡ್ಲು. ಯಾಕೋ ಕಹಿ ಅಂದ್ಲು. ಮರಿ ಬಿಡಾಕೆ ಅಂತ ಹೊರಗೆ ಹೋದ್ಲು."

"ಉಳಿದ ಗಿಣ್ಣು?"

"ಸಾವಿನ ಮನೇಲಿ ಮಾಡಿದ ಅಡುಗೆ, ತುಂಬಿದ ನೀರು ಇಟ್ಕಂತಾರಾ? ಎಲ್ಲಾ ಹೊರಗೆ ಚೆಲ್ಲಿದ್ವಿ. ಡಬ್ಬಿ ಎಲ್ಲಿ ಹೋತೋ ಗೊತ್ತಿಲ್ಲ. ನಿನ್ನೆ ವಿಷ ಅಂದಾಗಿಂದ ಅದೇ ತಲೇಲಿ ಕೊರೀತೈತೆ. ಗಿಣ್ಣಿನ ಮಾತೆತ್ತಿದ್ರೆ, ಗಂಡ ಬರಾದು ಮೊದಲೇ ಹೆಂಗೆ ಗೊತ್ತಿತ್ತು ಅಂತ ಕೇಳ್ತೀರಾ. ಅದಕ್ಕೇ ನುಂಗ್ಕಂಡೆ."

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಶೋಭಾರಾಣಿಗೆ ನೆನಪಾಯಿತು. ತಿಂಗಳ ಮೇಲೆ ಈಗ ಅವಳಿಗೆ ದಾರಿ ಕಂಡಿತ್ತು, ಸಾಕ್ಷಿ ಮಣ್ಣು ಸೇರಿತ್ತು.

ಯೋಗೇಶ ನಿಧಾನವಾಗಿ ಎದ್ದು ನಿಂತ. ಅಳು ನಿಂತಿತ್ತು. "ನಂಗೆ ಅಂತ ತಂದಿದ್ರಾ?" ಎಂದ. "ಹಂಗಾರೆ ಸಾಯ್ಬೇಕಾಗಿದ್ದು ನಾನು. ಅವ್ವ ನನ್ ಪಾಲಿನದು ತಿಂದ್ಲು."

"ನೀನು ಬರೋದು ನಿಮ್ಮಪ್ಪ, ಅವ್ವ, ಹೆಂಡ್ತಿ ಬಿಟ್ರೆ ಇನ್ಯಾರಿಗೆ ಗೊತ್ತಿತ್ತು?"

"ಕನಕರಾಜಂಗೆ. ಜೀಪ್ ಹತ್ತೋ ಮುಂಚೆ ಫೋನ್ ಮಾಡಿದ್ದೆ. ಅವ್ವ ಹೋದ್ಲು ಕಣೋ, ನಾಳೆ ಮಧ್ಯಾಹ್ನ ಏರ್‌ಪೋರ್ಟಿಗೆ ಕಾರು ತಗಂಬಾ ಅಂದೆ."

ಶೋಭಾರಾಣಿ ಬೇಲಿಯ ಗೂಟ ಹಿಡಿದುಕೊಂಡಳು. ಕನಕರಾಜ್ ಶ್ರೀರಾಂಪುರದವನು. ಯೋಗೇಶನ ಜೊತೆಗೇ ಸುರಂಗದಲ್ಲಿ ದುಡಿದು, ಹೋದ ವರ್ಷ ಕೆಲಸ ಬಿಟ್ಟು ಬಂದು ಬಾಡಿಗೆ ಕಾರು ಇಟ್ಟುಕೊಂಡಿದ್ದವನು. ನಾಗಕ್ಕನ ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ.

"ಹಿಂದಿನ ದಿನ ಸಂಜೆನೇ ಅವನಿಗೆ ಅವ್ವ ಸತ್ಲು ಅಂತ ಹೇಳಿದೀಯ."

"ಹೂಂ."

"ಸಾವಿನ ಸುದ್ದಿ ಕೇಳಿದ್ರೆ ನಮ್ಮ ಕಡೆ ಉಣ್ಣೋ ಕೈ ತೊಳಕೊಂಡು ಓಡ್ತಾರೆ. ಶ್ರೀರಾಂಪುರದಿಂದ ಹಟ್ಟಿಗೆ ಎಷ್ಟು ದೂರ? ನಿನ್ನ ಜೀವದ ಗೆಳೆಯ, ನಿನ್ನ ತಾಯಿ ಸತ್ಲು ಅಂತ ತಿಳಿದು, ರಾತ್ರಿಯೆಲ್ಲ ಮನೇಲೇ ಕೂತಿದ್ನಾ?"

"ಬಂದೇ ಇರ್ತಾನೆ."

"ಬಂದಿದ್ರೆ ಸತ್ತೋಳು ಬದುಕಿರೋದನ್ನ ನೋಡಿರ್ತಾನೆ. ನಿಂಗೆ ಫೋನ್ ಮಾಡಿ, ಅಳಬೇಡ ಕಣೋ, ನಿಮ್ಮವ್ವ ನಗ್ತಾ ಕುಂತವ್ಳೆ ಅಂತ ಒಂದು ಮಾತು ಯಾಕೆ ಹೇಳ್ಲಿಲ್ಲ? ಅದರ ಬದಲು ವಾಪಸ್ ಹೋಗಿ ಗಿಣ್ಣು ಹಿಡ್ಕೊಂಡು ಬಂದ್ನಾ?"

ಯಶೋದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಅವನಿಗೆ ನಿನ್ನ ಮೇಲೆ ಏನು ಹಗೆ ಯೋಗೇಶ?"

"ಹಗೆ ಇಲ್ಲ ಮೇಡಂ. ಭಯ ಐತೆ. ಅವನು ಅಲ್ಲಿಂದ ಯಾಕೆ ಬಿಟ್ಟು ಬಂದ ಅಂತ ನಂಗೊಬ್ಬಂಗೇ ಗೊತ್ತು. ಹೋದ ವರ್ಷ ನಮ್ ಸುರಂಗ ಕುಸೀತು, ಅದು ತಾನಾಗೇ ಕುಸಿದಿದ್ದಲ್ಲ."

ಶೋಭಾರಾಣಿ ಇನ್ನೂ ಕೇಳುವವಳಿದ್ದಳು. ಅಷ್ಟರಲ್ಲಿ ಜೀಪು ಬಂದ ರಭಸಕ್ಕೆ ಹಟ್ಟಿಯ ನಾಯಿಗಳೆಲ್ಲ ಬೊಗಳಿದವು. ಮಂಜಣ್ಣ ಎಂಜಿನ್ ಆರಿಸದೆಯೇ ಇಳಿದು ಓಡಿ ಬಂದರು. ಪಕ್ಕದಲ್ಲಿ ಗೊಲ್ಲಪ್ಪ ಇರಲಿಲ್ಲ.

"ಯಜಮಾನ ಗುಡ್ಡದ ಹತ್ರ ಇಲ್ಲ ಮೇಡಂ. ಕುರಿನೆಲ್ಲ ಪಕ್ಕದ ಮನೆ ಬರಗೇರಮ್ಮ ಕಾಯ್ತಾ ಅವ್ಳೆ."

"ಎಲ್ಲಿಗೆ ಹೋದ್ನಂತೆ?"

"ಹಾಲುರಾಮೇಶ್ವರಕ್ಕೆ. ತಪ್ಪಾತು ಅಂತ ದೇವರ ಹತ್ರ ಕೇಳ್ಕಂಡ್ರೆ ಮನಸ್ಸು ಹಗುರ ಆಗ್ತದೆ ಬಾ ಯಜಮಾನ ಅಂತ ಹೇಳಿ ಕಾರಾಗೆ ಕುಂದ್ರಿಸ್ಕಂಡು ಹೋದ್ನಂತೆ ಒಬ್ಬ ಹುಡುಗ. ಆ ಹುಡುಗ ದೇವರಂಥೋನು ಅಂತಾಳೆ ಬರಗೇರಮ್ಮ."

"ಯಾವ ಹುಡುಗ?" ಎಂದು ಕೇಳುವಾಗಲೇ ಶೋಭಾರಾಣಿಗೆ ಉತ್ತರ ಗೊತ್ತಿತ್ತು.

ಯಶೋದಾ ಕೂಸನ್ನು ಎದೆಗೆ ಅವಚಿಕೊಂಡು ಬೇಲಿ ದಾಟಿ ಬಂದಳು. "ಅಕ್ಕಾ" ಎಂದಳು, ಉಸಿರು ಸಿಕ್ಕಿಹಾಕಿಕೊಂಡವಳ ಹಾಗೆ. "ಅವತ್ತು ರಾತ್ರಿ ಗಿಣ್ಣು ತಂದಾಗ ನಾನು ಒಳಗಿದ್ದೆ. ಮಾವ ಹೊರಗೆ ಕಟ್ಟೆ ಮ್ಯಾಲೆ ಕುಂತಿದ್ರು. ತಂದ್ಕೊಟ್ಟೋರ ಮುಖ ನೋಡಿದೋರು ಮಾವ ಒಬ್ರೇ."